ಕೋಟಿನಲ್ಲಿದ್ದ ಮೇಕೆ

ಮೇಡಂ ಅವರ ಕೋಟಿನಲ್ಲಿ ಮೇಕೆ ಇತ್ತು. ಅದನ್ನು ನಾನು ಅವರ ಮುಖಕ್ಕೇ ಹೇಳಿಬಿಟ್ಟೆ. ಎಲ್ಲ ಶುರುವಾಗಿದ್ದು ಅಲ್ಲಿಂದ.

ತೊಂಬತ್ತರ ದಶಕದ ನಡುಭಾಗ. ಅಮೆರಿಕದ ಫೇರ್‌ಫ್ಯಾಕ್ಸ್ ಊರಿನ ಒಂದು ಡ್ರೈಕ್ಲೀನಿಂಗ್ ಅಂಗಡಿಯಲ್ಲಿ ನನಗೆ ಕೆಲಸ. ಮುಂದೆ ಕೌಂಟರು, ಹಿಂದೆ ಮೆಷೀನು, ಮಧ್ಯೆ ಆವಿ ಇಸ್ತ್ರಿ. ಮೂರನ್ನೂ ನಾನೊಬ್ಬನೇ ನೋಡಿಕೊಳ್ಳುತ್ತಿದ್ದೆ. ಅಲ್ಲಿದ್ದಷ್ಟು ವರ್ಷ ಒಂದು ಗುಂಡಿ ಕಳೆದಿಲ್ಲ, ಒಂದು ಕಾಲರ್ ಸುಟ್ಟಿಲ್ಲ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ಆಯ್ತು, ಜಂಬಕ್ಕೇ ಅಂತಲೇ ಇಟ್ಟುಕೊಳ್ಳಿ.

ಬಟ್ಟೆ ತಗೊಳ್ಳುವಾಗ ಮೂಸಿ ನೋಡುವುದು ನನ್ನ ಅಭ್ಯಾಸ. ಬೇರೆಯವರು ಕಲೆ ಎಲ್ಲಿದೆ ಅಂತ ಕಣ್ಣಲ್ಲಿ ಹುಡುಕುತ್ತಾರೆ, ನಾನು ಮೂಗಲ್ಲಿ ಹುಡುಕುತ್ತಿದ್ದೆ. ಕಾಫಿಯೋ, ವೈನೋ, ಬೆವರೋ, ನಾಯಿಯೋ, ತಿಳಿದುಬಿಡುತ್ತಿತ್ತು. ಚಳಿ ಇನ್ನೂ ಸರಿಯಾಗಿ ಶುರುವಾಗಿರದ ಒಂದು ಬೆಳಿಗ್ಗೆ, ಅರವತ್ತು ದಾಟಿದ ಒಬ್ಬ ಹೆಂಗಸು ಕಂದು ಬಣ್ಣದ ಉಣ್ಣೆ ಕೋಟು ತಂದಿಟ್ಟರು. ಮೋಟಾಗಿ ಕತ್ತರಿಸಿದ ಬಿಳಿ ಕೂದಲು, ಕತ್ತಿಗೆ ದಾರ ಕಟ್ಟಿ ಇಳಿಬಿಟ್ಟ ಕನ್ನಡಕ. ನಾನು ಕೋಟಿನ ಎಡಜೇಬಿನ ಹತ್ತಿರ ಮೂಗಿಟ್ಟವನು ಹಿಂದೆ ಸರಿದೆ.

"ಮೇಡಂ, ಇದರಲ್ಲಿ ಮೇಕೆ ಇದೆ."

"ಏನು?"

"ಮೇಕೆ. ಗಡ್ಡ ಇರುತ್ತಲ್ಲ, ಅದು." ಗಲ್ಲದ ಕೆಳಗೆ ಕೈ ಎಳೆದು ತೋರಿಸಿದೆ. "ಅದರ ಜೊತೆ ಯಾವುದೋ ಗಿಡದ ಅಂಟು. ಇಲ್ಲಿಯ ಗಿಡದ್ದಲ್ಲ."

ನಮ್ಮ ಮಾತು ನಡೆದದ್ದು ಇಂಗ್ಲಿಷಿನಲ್ಲಿ. ನನ್ನದು ಕೌಂಟರಿನ ಇಂಗ್ಲಿಷು; ಹಾಗೇ ಬರೆದರೆ ಇಬ್ಬರಿಗೂ ಅವಮಾನ. ಅದಕ್ಕೇ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಅವರು ಬೈಯುತ್ತಾರೆ ಅಂದುಕೊಂಡಿದ್ದೆ. ಬೈಯಲಿಲ್ಲ. ಕೋಟನ್ನು ಎರಡೂ ಕೈಯಲ್ಲಿ ಎತ್ತಿ ಮುಖಕ್ಕೆ ಒತ್ತಿಕೊಂಡು, ದೀರ್ಘವಾಗಿ ಉಸಿರೆಳೆದು, ಮತ್ತೆ ಕೆಳಗಿಟ್ಟರು.

"ನನಗೆ ಯಾವ ವಾಸನೆಯೂ ಬರಲ್ಲ," ಅಂದರು. "ಎರಡು ವರ್ಷದ ಹಿಂದೆ ಬೆಲ್ಟ್‌ವೇ ಹೆದ್ದಾರಿಯಲ್ಲಿ ಕಾರ್ ಆಕ್ಸಿಡೆಂಟ್ ಆಯಿತು. ತಲೆಗೆ ಪೆಟ್ಟು. ಕೈಕಾಲು ಉಳಿಯಿತು, ಮೂಗು ಹೋಯಿತು." ಆಮೇಲೆ ಜೇಬಿನ ಒಳಗೆ ಕೈ ಹಾಕಿ ಕಾಗದ ಸುತ್ತಿದ ಒಂದು ಉಂಡೆ ತೆಗೆದರು. ಇಂಗಿನ ಗಟ್ಟಿಯ ಹಾಗೆ ಕಪ್ಪಗೆ, ಅಂಟಂಟು. "ಇದಾ?"

"ಇದೇ."

"ನೀವು ಈ ಇಸ್ತ್ರಿಗೆ ಮುಂಚೆ ಏನು ಕೆಲಸ ಮಾಡುತ್ತಿದ್ದಿರಿ?"

ಈ ದೇಶಕ್ಕೆ ಬಂದ ಮೇಲೆ ಆ ಪ್ರಶ್ನೆ ಕೇಳಿದ ಮೊದಲನೆಯವರು ಅವರೇ.

ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ಮೈಸೂರಿನಲ್ಲಿ ಒಬ್ಬ ಉಸ್ತಾದರ ಹತ್ತಿರ ಅತ್ತರು ಇಳಿಸುವ ಕೆಲಸಕ್ಕೆ ಸೇರಿ ಇಪ್ಪತ್ತು ವರ್ಷ ಕಳೆದೆ. ತಾಮ್ರದ ಹಂಡೆಗೆ ಮಲ್ಲಿಗೆ, ಕೇದಗೆ, ಗುಲಾಬಿ ತುಂಬಿ, ನೀರು ಹಾಕಿ, ಬಾಯಿಗೆ ಮಣ್ಣು ಮೆತ್ತಿ, ಕೆಳಗೆ ಉರಿ ಹಾಕುವುದು. ಹಬೆ ಬಿದಿರಿನ ಕೊಳವೆಯಲ್ಲಿ ಇಳಿದು ಇನ್ನೊಂದು ಪಾತ್ರೆಗೆ ಬರುತ್ತದೆ. ಆ ಪಾತ್ರೆಯಲ್ಲಿ ಮೊದಲೇ ಗಂಧದೆಣ್ಣೆ ಇರುತ್ತದೆ. ಹೂವು ಯಾವುದೇ ಇರಲಿ, ಅದು ಬಂದು ಕೂರುವುದು ಗಂಧದ ಮೇಲೆ. ಇದು ಯಾರೂ ಹೇಳಿಕೊಡುವ ವಿಷಯವಲ್ಲ. ಅಡುಗೆ ಮನೆಗೆ ಹೋದವರಿಗೆ ಉಪ್ಪು ಹಾಕು ಅಂತ ಯಾರಾದರೂ ಹೇಳುತ್ತಾರಾ? ಉಸ್ತಾದರು ಹಂಡೆ ತೊಳೆದಿದ್ದನ್ನು ಮೂಸಿ ನೋಡುತ್ತಿದ್ದರು. ಚರ್ಮ, ಮಾಂಸ, ಪ್ರಾಣಿ, ಅಂಥ ಯಾವ ವಾಸನೆ ಬಂದರೂ ಕಪಾಳಕ್ಕೆ ಒಂದು ಏಟು. ನಾನು ಎರಡು ಸಲ ತಿಂದಿದ್ದೇನೆ. ಮೂರನೇ ಸಲ ತಿನ್ನಲಿಲ್ಲ.

ಅಮೆರಿಕಕ್ಕೆ ಬಂದದ್ದು ಹೆಂಡತಿಯಿಂದ. ಅವಳು ನರ್ಸು, ವರ್ಜೀನಿಯದ ಒಂದು ಆಸ್ಪತ್ರೆ ಕರೆಸಿಕೊಂಡಿತು, ನಾನು ಅವಳ ಸೂಟ್‌ಕೇಸಿನ ಹಿಂದೆ ಬಂದೆ. ಹೊರಡುವಾಗ ಉಸ್ತಾದರು ಒಂದು ಪುಟ್ಟ ಬಾಟಲಿ ಹಳೆಯ ಗಂಧದೆಣ್ಣೆ ಕೊಟ್ಟು, "ಅಲ್ಲಿ ಕೈ ಖಾಲಿ ಇರಬಾರದು," ಅಂದಿದ್ದರು. ಆ ಬಾಟಲಿ ಸಾಕ್ಸಿನೊಳಗೆ ಸುತ್ತಿ ಡ್ರಾಯರಿನಲ್ಲಿತ್ತು. ಕೈಗೆ ಮಾತ್ರ ಇಸ್ತ್ರಿ ಬಂದಿತ್ತು.

ನನ್ನ ಕಥೆ ಕೇಳಿದ ಮೇಡಂ ಮನೆಗೆ ಕರೆದರು, ಮುಂದಿನ ಭಾನುವಾರ ಹೋದೆ. ಹಳೇ ಬಡಾವಣೆ, ಓಕ್ ಮರಗಳು, ಕಾರು ನಿಲ್ಲಿಸಲು ಜಾಗವಿಲ್ಲದ ಗರಾಜು. ಗರಾಜಿನ ತುಂಬ ಪುಸ್ತಕದ ಪೆಟ್ಟಿಗೆ, ಮಣ್ಣಿನ ಗಡಿಗೆ. ಅವರು ಅಲ್ಲಿಯ ಯೂನಿವರ್ಸಿಟಿಯಲ್ಲಿ ಇತಿಹಾಸ ಪಾಠ ಮಾಡಿದವರು. ಮೂವತ್ತು ವರ್ಷದಿಂದ ಬರೆಯುತ್ತಿದ್ದದ್ದು ಒಂದೇ ವಿಷಯ: ಸೈಪ್ರಸ್ ದ್ವೀಪದಲ್ಲಿ ಹಿಂದಿನವರು ಸುಗಂಧ ಹೇಗೆ ಮಾಡುತ್ತಿದ್ದರು ಅನ್ನುವುದು.

ನಾನು ಗಡಿಗೆ ಒರೆಸುತ್ತಿದ್ದರೆ ಅವರು ಹೇಳುತ್ತಾ ಹೋದರು. ಆ ದ್ವೀಪದ ಗುಡ್ಡಗಳಲ್ಲಿ ಒಂದು ಕುರುಚಲು ಗಿಡ. ಬೇಸಿಗೆಯ ಬಿಸಿಲಿಗೆ ಎಲೆಯಿಂದ ಅಂಟು ಒಸರುತ್ತದೆ. ಕುರುಬರು ಮೇಕೆಗಳನ್ನು ಅದರೊಳಗೆ ನುಗ್ಗಿಸಿ, ಸಂಜೆ ಅವುಗಳ ಗಡ್ಡ, ತೊಡೆಯ ಕೂದಲು ಬಾಚಿ ಅಂಟನ್ನು ತೆಗೆಯುತ್ತಿದ್ದರು. ಆಮೇಲಾಮೇಲೆ ಚರ್ಮದ ಪಟ್ಟಿಗಳ ಕುಂಟೆಯಂಥದ್ದು ಮಾಡಿ ಗಿಡವನ್ನು ಬಾರಿಸಿ ಸಂಗ್ರಹಿಸಿದರು. ಆ ಅಂಟನ್ನು ಆಲಿವ್ ಎಣ್ಣೆಯಲ್ಲಿ ಕುದಿಸದೆ ಬೆಚ್ಚಗೆ ಇಟ್ಟು, ಜಾಡಿಗೆ ತುಂಬಿ ಹಡಗಿನಲ್ಲಿ ದೇಶದೇಶಕ್ಕೆ ಕಳಿಸುತ್ತಿದ್ದರು. ದೇವಿಯ ವಿಗ್ರಹಕ್ಕೆ ಹಚ್ಚುವುದಕ್ಕೂ ಅದೇ, ಸತ್ತವರ ಮೈಗೂ ಅದೇ. ಸಾವಿರಾರು ವರ್ಷ ಆದಮೇಲೆ ಯೂರೋಪಿನವರು ಅದೇ ಅಂಟಿನಿಂದ ಪುಟ್ಟ ಹಕ್ಕಿಗಳ ಆಕಾರದಲ್ಲಿ ಧೂಪ ಮಾಡಿ ಕೋಣೆಯಲ್ಲಿ ಹೊಗೆ ಹಾಕುತ್ತಿದ್ದರಂತೆ. ಕೊನೆಗೆ ಆ ದ್ವೀಪದ ಹೆಸರೇ ಒಂದು ಬಗೆಯ ಸೆಂಟಿನ ಹೆಸರಾಗಿ ಉಳಿಯಿತಂತೆ.

"ಮೇಕೆ ಗಡ್ಡ ಬಾಚಿ ದೇವರಿಗೆ ಹಚ್ಚೋದಾ?" ಅಂದೆ.

"ಪುನುಗು ಬೆಕ್ಕಿನದ್ದು ನೀವು ಹಚ್ಚಲ್ಲವಾ?"

ನಾನು ಮತ್ತೆ ಗಡಿಗೆ ಒರೆಸಿದೆ.

ಅವರ ಪುಸ್ತಕದಲ್ಲಿ ಒಂದೇ ಅಧ್ಯಾಯ ಬಾಕಿ ಇತ್ತು: ಆ ಎಣ್ಣೆಯ ವಾಸನೆ ನಿಜವಾಗಿ ಹೇಗಿತ್ತು? ಹಳೆಯ ರೀತಿಯಲ್ಲೇ ಮಾಡಿ ನೋಡಬೇಕು ಅಂತ ದ್ವೀಪದಿಂದ ಅಂಟು ತಂದಿದ್ದರು. ಅಷ್ಟರಲ್ಲಿ ಆಕ್ಸಿಡೆಂಟ್. ಏಪ್ರಿಲಿನಲ್ಲಿ ವಾಷಿಂಗ್ಟನ್‌ನಲ್ಲಿ ಇದೇ ವಿಷಯ ಓದಿದವರ ಒಂದು ಸಭೆ. ಅಲ್ಲಿ ಅವರು ಆ ಅಧ್ಯಾಯ ಓದಬೇಕು, ಎಣ್ಣೆಯನ್ನು ಎಲ್ಲರಿಗೂ ಮೂಸಲು ಕೊಡಬೇಕು. "ನಾನು ಕುರುಡಿ ಚಿತ್ರ ಬಿಡಿಸುವ ಹಾಗೆ. ನೀವು ನನ್ನ ಮೂಗು ಆಗ್ತೀರಾ?" ಅಂತ ಕೇಳಿದರು. "ನೀವು ಏನು ಹೇಳ್ತೀರೋ ಅದನ್ನೇ ಬರೀತೀನಿ. ಒಂದು ಮಾತೂ ನನ್ನದು ಸೇರಿಸಲ್ಲ."

ಹೂಂ ಅಂದೆ. ಯಾರು ಬೇಡ ಅಂತಾರೆ?

ಚಳಿಗಾಲ ಪೂರ್ತಿ ಭಾನುವಾರಗಳು ಆ ಗರಾಜಿನಲ್ಲಿ ಹೋದವು. ಮೂರು ಗಡಿಗೆ, ಕೆಳಗೆ ನೀರಿನ ತಟ್ಟೆ, ಅದರ ಕೆಳಗೆ ಕರೆಂಟಿನ ಒಲೆ. ಮೊದಲು ಕೊತ್ತಂಬರಿ ಬೀಜ ಜಜ್ಜಿ ನೀರಿನ ಜೊತೆ ಎಣ್ಣೆಗೆ ಹಾಕಿ ಒಂದು ದಿನ ಬೆಚ್ಚಗಿಡುವುದು, ಸೋಸುವುದು. ಹಿಂದಿನವರು ಹಾಗೆ ಮಾಡುತ್ತಿದ್ದರು, ಯಾಕೆ ಅಂತ ಯಾರಿಗೂ ಖಚಿತವಿಲ್ಲ ಅಂದರು. ಆಮೇಲೆ ಅಂಟು. ನನಗೆ ಆಲಿವ್ ಎಣ್ಣೆ ಅಂದರೆ ಅಡುಗೆ. ಗಡಿಗೆ ಮುಚ್ಚಳ ತೆಗೆದಾಗೆಲ್ಲ ಸಾಸಿವೆ ಸಿಡಿಯಿತಾ ಅಂತ ನೋಡುವ ಹಾಗಾಗುತ್ತಿತ್ತು. ಅದು ಸುಗಂಧಕ್ಕೆ ಕೂರುವ ಜಾಗವೇ ಅಲ್ಲ ಅಂತ ಒಳಗೇ ಗೊಣಗಿಕೊಳ್ಳುತ್ತಿದ್ದೆ.

"ಏನು ಬರ್ತಿದೆ?" ಅಂತ ಮೇಡಂ ನೋಟ್‌ಬುಕ್ ಹಿಡಿದು ಕೇಳುವರು.

"ಹೊಸ ಚಪ್ಪಲಿ ಅಂಗಡಿ. ಅದರ ಪಕ್ಕದಲ್ಲಿ ಬೆಲ್ಲದ ಅಂಗಡಿ."

"ಚಪ್ಪಲಿ ಹೆಚ್ಚೋ, ಬೆಲ್ಲ ಹೆಚ್ಚೋ?"

"ಚಪ್ಪಲಿ ಬಾಗಿಲು ತೆಗೆದಿದೆ. ಬೆಲ್ಲ ಅರ್ಧ ಬಾಗಿಲು."

ಬರೆದುಕೊಳ್ಳುವರು. ನನ್ನ ಮಾತು ಒಬ್ಬರು ಬರೆದುಕೊಳ್ಳುತ್ತಾರೆ ಅನ್ನುವುದೇ ನನಗೆ ವಿಚಿತ್ರ. ಶಾಲೆಯಲ್ಲಿ ಬರೆದುಕೊಳ್ಳುತ್ತಿದ್ದವನು ನಾನು, ಅದೂ ಬೋರ್ಡಿನಲ್ಲಿದ್ದದ್ದು.

ಆ ನಡುವೆ ಕನ್ನಡದವರ ಒಂದು ಸಂಕ್ರಾಂತಿ ಊಟಕ್ಕೆ ಹೋಗಿದ್ದೆವು. ಎಲ್ಲರೂ ಸಾಫ್ಟ್‌ವೇರಿನ ಹುಡುಗರು. ಒಬ್ಬ ತಟ್ಟೆ ಹಿಡಿದು ಬಂದು, "ಅಂಕಲ್, ನೀವು ಯಾವ ಪ್ರಾಜೆಕ್ಟ್‌ನಲ್ಲಿದ್ದೀರಾ?" ಅಂದ.

"ಇಸ್ತ್ರಿ ಪ್ರಾಜೆಕ್ಟ್," ಅಂದೆ.

ಅವನು ನಗಬೇಕೋ ಬೇಡವೋ ತಿಳಿಯದೆ ಹೋಳಿಗೆ ಬಾಯಿಗಿಟ್ಟುಕೊಂಡ. ನಾನು ಅಲ್ಲಿಗೇ ಸುಮ್ಮನಿದ್ದಿದ್ದರೆ ಚೆನ್ನಾಗಿತ್ತು. "ಭಾನುವಾರ ಮಾತ್ರ ಯೂನಿವರ್ಸಿಟಿ ಪ್ರೊಫೆಸರ್ ಜೊತೆ ರಿಸರ್ಚ್ ಮಾಡ್ತೀನಿ," ಅಂತ ಸೇರಿಸಿದೆ. ಹೆಂಡತಿ ಆ ಕಡೆಯಿಂದ ನನ್ನನ್ನು ನೋಡಿದ ನೋಟ ಇನ್ನೂ ನೆನಪಿದೆ.

ಫೆಬ್ರವರಿಯ ಹೊತ್ತಿಗೆ ಬೆಲ್ಲದ ಅಂಗಡಿ ಮುಚ್ಚಿತು. ಚಪ್ಪಲಿ ಅಂಗಡಿಯೂ ಹಿಂದೆ ಸರಿಯಿತು. ಉಳಿದದ್ದು ಮೇಕೆ. ಬಿಸಿಲಲ್ಲಿ ಕಟ್ಟಿಹಾಕಿದ ಹೋತದ ಮಗ್ಗುಲಲ್ಲಿ ನಿಂತ ಹಾಗೆ. ಮೂರು ಗಡಿಗೆಯಲ್ಲೂ ಅದೇ. ನನಗೆ ಕಪಾಳ ಬಿಸಿಯಾಯಿತು. ಗಡಿಗೆ ನಾನು ಸರಿಯಾಗಿ ತೊಳೆಯಲಿಲ್ಲವಾ? ಸೋಸುವ ಬಟ್ಟೆ ಸರಿಯಾಗಿ ಕುದಿಸಲಿಲ್ಲವಾ? ಏಪ್ರಿಲಿನಲ್ಲಿ ಅಷ್ಟು ಜನ ದೊಡ್ಡವರು ಮೂಗು ಮುಚ್ಚಿಕೊಂಡರೆ, ಹೋಗುವುದು ಮೇಡಂ ಮಾನವಲ್ಲ, ಕೆಲಸ ಮಾಡಿದವನ ಮಾನ.

ಮುಂದಿನ ಭಾನುವಾರ ಮೇಡಂ ಫೋನಿಗೆ ಅಂತ ಒಳಗೆ ಹೋಗಿದ್ದರು. ನಾನು ಮನೆಯಿಂದ ತಂದಿದ್ದ ಬಾಟಲಿ ತೆಗೆದೆ. ಉಸ್ತಾದರದ್ದು. ಮೂರು ಗಡಿಗೆಗೂ ಸಮವಾಗಿ ಹಾಕಿ, ಮರದ ಸೌಟಿನಲ್ಲಿ ತಿರುವಿ, ಮುಚ್ಚಳ ಮುಚ್ಚಿದೆ. ಕದ್ದು ಹಾಕಿದೆ ಅಂತ ನನಗೆ ಅನ್ನಿಸಲೇ ಇಲ್ಲ, ಇದನ್ನು ನಂಬುವುದಾದರೆ ನಂಬಿ. ಇಷ್ಟು ದಿನ ಕಡಿಮೆಯಾಗಿದ್ದ ಉಪ್ಪು ಹಾಕಿದೆ ಅಷ್ಟೇ ಅನ್ನಿಸಿತು. ಉಪ್ಪು ಹಾಕಿದೆ ಅಂತ ಯಾರು ಹೋಗಿ ಹೇಳುತ್ತಾರೆ?

ಮೂರು ವಾರ ಬಿಟ್ಟು ಗಡಿಗೆ ತೆಗೆದಾಗ ಎಣ್ಣೆ ಶಾಂತವಾಗಿತ್ತು. ವಾಸನೆ ದುಂಡಗಿತ್ತು, ಎಲ್ಲೂ ಚುಚ್ಚುತ್ತಿರಲಿಲ್ಲ. ಸಂಜೆ ಹೊತ್ತಿನಲ್ಲಿ ಉಸ್ತಾದರ ಅಂಗಡಿಯ ಬಾಗಿಲು ದಾಟಿದ ಹಾಗೆ.

"ಏನು ಬರ್ತಿದೆ?"

"ಚೆನ್ನಾಗಿದೆ ಮೇಡಂ. ತುಂಬ ಚೆನ್ನಾಗಿದೆ."

"ಮೇಕೆ ಎಲ್ಲಿ ಹೋಯಿತು?"

ಆಗ, ಆಗಲೇ, ನನಗೆ ಏನೋ ತಪ್ಪಿದೆ ಅಂತ ಅನ್ನಿಸಿದ್ದು. ಅವರು ಕೇಳಿದ ರೀತಿ ಹಾಗಿತ್ತು. ಮನೆಗೆ ಬಂದ ನೆಂಟ ಹೇಳದೆ ಎದ್ದುಹೋದ ಹಾಗೆ ಕೇಳಿದರು.

"ಹೋಯಿತು," ಅಂದೆ. ಅದು ಸುಳ್ಳಲ್ಲ. ನಿಜವೂ ಅಲ್ಲ.

ಅವರು ನೋಟ್‌ಬುಕ್ಕಿನ ಹಿಂದಿನ ಹಾಳೆಗಳನ್ನು ಪರಪರ ತಿರುವಿದರು. ಎದ್ದು ಗರಾಜಿನಲ್ಲಿ ಆ ಕಡೆಯಿಂದ ಈ ಕಡೆಗೆ ನಡೆದರು. "ಕೊತ್ತಂಬರಿ!" ಅಂದರು. "ನೋಡಿ, ಮೂವತ್ತು ವರ್ಷದಿಂದ ನಾವು ಯಾಕೆ ಕೊತ್ತಂಬರಿ, ಯಾಕೆ ಕೊತ್ತಂಬರಿ ಅಂತ ತಲೆ ಕೆಡಿಸಿಕೊಂಡಿದ್ದೆವು. ಮೊದಲು ಕೊತ್ತಂಬರಿ ಹಾಕಿದ ಎಣ್ಣೆ ನಿಧಾನಕ್ಕೆ ಮೇಕೆಯನ್ನು ನುಂಗಿಬಿಡುತ್ತೆ. ಅವರಿಗೆ ಅದು ಗೊತ್ತಿತ್ತು!" ಬಂದು ನನ್ನ ಎರಡೂ ಕೈ ಹಿಡಿದುಕೊಂಡರು. ಅವರ ಕಣ್ಣು ಒದ್ದೆಯಾಗಿತ್ತು.

ಹೇಳಬೇಕು ಅಂತ ಬಾಯಿ ತೆಗೆದೆ. "ಟೀ ಮಾಡಲಾ?" ಅಂದೆ.

ಮನೆಗೆ ಬಂದವನೇ ಹೆಂಡತಿಗೆ ಹೇಳಿದೆ. ಅವಳು ಡ್ಯೂಟಿ ಮುಗಿಸಿ ಬಂದು ಕಾಲು ನೀರಿನಲ್ಲಿಟ್ಟುಕೊಂಡು ಕೂತಿದ್ದಳು.

"ಹಾಕಿದ್ದು ತಪ್ಪಾ?" ಅಂದೆ.

"ನಾನು ಪೇಷಂಟ್‌ಗೆ ಒಂದು ಮಾತ್ರೆ ಜಾಸ್ತಿ ಕೊಟ್ಟು ಚಾರ್ಟ್‌ನಲ್ಲಿ ಬರೀಲಿಲ್ಲ ಅಂದ್ಕೊಳ್ಳಿ. ಪೇಷಂಟ್ ಎದ್ದು ಓಡಾಡಿದ. ಡಾಕ್ಟರು, ಆಹಾ ನನ್ನ ಮಾತ್ರೆಯಿಂದಾನೇ ಅಂತ ಇನ್ನು ನೂರು ಜನಕ್ಕೆ ಅದೇ ಕೊಟ್ರೆ?"

"ಇಲ್ಲಿ ಯಾರು ಸಾಯ್ತಾರೆ? ಎಣ್ಣೆ ಚೆನ್ನಾಗಿದೆಯಲ್ಲ."

"ಚೆನ್ನಾಗಿದೆ ಅಂತ ಯಾರು ಹೇಳಿದ್ದು?"

"ನಾನೇ."

"ಅದೇ. ಅವರಿಗೆ ಇರೋದು ನಿಮ್ಮ ಮೂಗು ಒಂದೇ. ಆ ಮೂಗಿಗೆ ನೀವೇ ಲಂಚ ಕೊಟ್ಟಿದ್ದೀರಾ."

ಸಿಟ್ಟು ಬಂತು. ಅವಳ ಮೇಲೆ ಬಂತೋ ನನ್ನ ಮೇಲೆ ಬಂತೋ ಗೊತ್ತಾಗಲಿಲ್ಲ. "ನಿನಗೆ ಅತ್ತರಿನ ಬಗ್ಗೆ ಏನು ಗೊತ್ತು?" ಅಂದೆ. ಅವಳು ಟವೆಲ್ ಕೇಳಿದಳು, ಕೊಟ್ಟೆ.

ಆಮೇಲಿನ ವಾರಗಳಲ್ಲಿ ನನ್ನ ತಲೆ ತಲೆಯಾಗಿರಲಿಲ್ಲ. ಒಂದು ದಿನ ಅನ್ನಿಸುವುದು: ಹೋಗಿ ಹೇಳಿಬಿಡಬೇಕು. ಇನ್ನೊಂದು ದಿನ ಅನ್ನಿಸುವುದು: ನಾನು ಕೆಟ್ಟದ್ದನ್ನು ಒಳ್ಳೆಯದು ಮಾಡಿದೆ, ಇದರಲ್ಲಿ ತಪ್ಪೊಪ್ಪಿಕೊಳ್ಳುವುದಕ್ಕೆ ಏನಿದೆ? ಆ ದ್ವೀಪದವರಿಗೆ ಗಂಧದೆಣ್ಣೆ ಸಿಕ್ಕಿದ್ದರೆ ಅವರೂ ಹಾಕುತ್ತಿರಲಿಲ್ಲವಾ? ಸಿಕ್ಕಿರಲಿಲ್ಲ ಅನ್ನುವುದೇ ಇತಿಹಾಸ ಅಂದರೆ, ಅದಕ್ಕೆ ಇಷ್ಟು ಜನ ಓದಿದವರು ಯಾಕೆ ಬೇಕು? ಹೀಗೆಲ್ಲ ಯೋಚಿಸುತ್ತ ಒಂದು ದಿನ ಒಬ್ಬರ ರೇಷ್ಮೆ ಬ್ಲೌಸಿನ ಮೇಲೆ ಇಸ್ತ್ರಿ ಇಟ್ಟು ನಿಂತುಬಿಟ್ಟೆ. ಸುಡಲಿಲ್ಲ. ಆದರೆ ಹತ್ತಿರ ಬಂದಿತ್ತು.

ಮಾರ್ಚ್ ಕೊನೆಯ ಭಾನುವಾರ ಮೇಡಂ ತಾವು ಬರೆದದ್ದನ್ನು ನನಗೆ ಓದಿ ಹೇಳಿದರು. ಅರ್ಧ ಅರ್ಥವಾಯಿತು. ಕೊತ್ತಂಬರಿಯ ಬಗ್ಗೆ ಮೂರು ಹಾಳೆ ಇತ್ತು. ಕೊನೆಯಲ್ಲಿ ಒಂದು ಸಾಲು ಎರಡು ಸಲ ಓದಿದರು: "ಈ ಎಣ್ಣೆಯನ್ನು ತಯಾರಿಸಿದವರು ನನ್ನ ಕಲೀಗ್, ಮೈಸೂರಿನ ಒಬ್ಬ ಮಾಸ್ಟರ್ ಡಿಸ್ಟಿಲರ್."

ಉಸ್ತಾದರು ಇಪ್ಪತ್ತು ವರ್ಷದಲ್ಲಿ ನನಗೆ ಕೊಟ್ಟ ದೊಡ್ಡ ಪ್ರಶಸ್ತಿ ಅಂದರೆ "ಪರವಾಗಿಲ್ಲ". ಮಾಸ್ಟರ್ ಅನ್ನುವ ಪದ ಕಿವಿಗೆ ಬಿದ್ದಾಗ, ಹೇಳಬೇಕು ಅಂತ ನಾಲಿಗೆ ತುದಿಗೆ ಬಂದದ್ದು ತಿರುಗಿ ಗಂಟಲಿಗೆ ಹೋಯಿತು. ಕುರ್ಚಿಯಲ್ಲಿ ನೆಟ್ಟಗೆ ಕೂತೆ. ಅಷ್ಟು ನೆಟ್ಟಗೆ ಯಾವತ್ತೂ ಕೂತಿರಲಿಲ್ಲ.

ಸಭೆ ಶನಿವಾರ. ಓನರ್ ಹತ್ತಿರ ರಜೆ ಕೇಳಿದೆ, ಸೇರಿದ ಮೇಲೆ ಮೊದಲ ಸಲ. ನನ್ನದೇ ಸೂಟು ನಾನೇ ಇಸ್ತ್ರಿ ಮಾಡಿಕೊಂಡೆ. ಪಾರ್ಕಿಂಗ್ ತೊಂದರೆ ಬೇಡ ಅಂತ ಮೇಡಂ ಕಾರನ್ನು ನಮ್ಮ ಕಡೆಯ ವಿಯೆನ್ನಾ ಮೆಟ್ರೊ ಸ್ಟೇಷನ್ನಿನಲ್ಲಿ ಬಿಟ್ಟರು, ಇಬ್ಬರೂ ಆರೆಂಜ್ ಲೈನ್ ರೈಲು ಹತ್ತಿದೆವು. ಶನಿವಾರದ ಬೆಳಿಗ್ಗೆ, ಡಬ್ಬಿ ಮುಕ್ಕಾಲು ಖಾಲಿ. ಅವರ ತೊಡೆಯ ಮೇಲೆ ಚೀಲ, ಚೀಲದಲ್ಲಿ ಎಣ್ಣೆಯ ಗಾಜಿನ ಬಾಟಲಿ. ಬಾಲ್ಸ್‌ಟನ್ ಹತ್ತಿರ ರೈಲು ನೆಲದೊಳಗೆ ಇಳಿಯಿತು, ಕಿಟಕಿ ಕಪ್ಪಾಯಿತು. ಅವರು ನೋಟ್‌ಬುಕ್ ತೆಗೆದು ಬಾಟಲಿ ನನ್ನ ಕೈಗೆ ಕೊಟ್ಟರು.

"ಒಂದು ಸಲ ಮೂಸಿ. ಇವತ್ತು ಹೇಗಿದೆ ಹೇಳಿ. ಅದೇ ಸಾಲಿನಿಂದ ಶುರು ಮಾಡ್ತೀನಿ. ನಿಮ್ಮ ಮಾತಿನಲ್ಲೇ."

ಬಿರಡೆ ತೆಗೆದೆ. ಮುಂದಿನ ಸೀಟಿನ ಹೆಂಗಸು ಹಿಂದೆ ತಿರುಗಿ ನಗುಮುಖ ಮಾಡಿದಳು. ನಾನು ಮೂಸಿದೆ. ಹೇಳುವುದಕ್ಕೆ ಆ ದ್ವೀಪದ ಒಂದು ಮಾತೂ ಸಿಗಲಿಲ್ಲ. ಗುಡ್ಡ ಇಲ್ಲ, ಬಿಸಿಲು ಇಲ್ಲ, ಗಿಡ ಇಲ್ಲ.

"ನಮ್ಮ ಉಸ್ತಾದರ ಅಂಗಡಿ," ಅಂದೆ.

ಅವರು ಬರೆದುಕೊಂಡರು. ನಗುತ್ತಲೇ ಬರೆದುಕೊಂಡರು. ಆ ಪೆನ್ನು ಓಡುವುದನ್ನು ನೋಡಲಾಗಲಿಲ್ಲ.

"ಬರೀಬೇಡಿ ಮೇಡಂ. ಅದು ಗಂಧದೆಣ್ಣೆ. ನಾನು ಹಾಕಿದ್ದು. ಫೆಬ್ರವರಿಯಲ್ಲಿ. ಮೂರೂ ಗಡಿಗೆಗೆ."

ಪೆನ್ನು ನಿಂತಿತು. ಎರಡು ಸ್ಟೇಷನ್ ದಾಟಿದವು. ರೋಸ್ಲಿನ್ ಬಂದಾಗ ಅವರು ಎದ್ದು ಇಳಿದರು. ನಮ್ಮದು ಮುಂದಿನ ಸ್ಟೇಷನ್; ನಾನೂ ಹಿಂದೆ ಇಳಿದೆ. ಪ್ಲಾಟ್‌ಫಾರ್ಮಿನ ಕಲ್ಲಿನ ಬೆಂಚಿನ ಮೇಲೆ ಕೂತರು.

"ಎಷ್ಟು ಹಾಕಿದಿರಿ?"

ಹೇಳಿದೆ.

"ಯಾಕೆ?"

"ಮೇಕೆ ವಾಸನೆ ಬರ್ತಿತ್ತು. ನನ್ನ ಕೆಲಸ ಕೆಟ್ಟಿತು ಅಂದುಕೊಂಡೆ."

"ಆ ಮೇಕೆಗೋಸ್ಕರವೇ ನಾನು ನಿಮ್ಮನ್ನು ಕರೆದದ್ದು," ಅಂದರು. ದನಿ ಏರಿಸಲಿಲ್ಲ. ಏರಿಸಿದ್ದರೆ ಚೆನ್ನಾಗಿತ್ತು. "ಮೊದಲನೇ ದಿನ, ಕೌಂಟರಿನಲ್ಲಿ, ನೀವು ಹೇಳಿದ್ದು ಆ ಒಂದು ಮಾತು."

ಒಂದು ರೈಲು ಹೋಯಿತು. ಅವರು ಚೀಲದಿಂದ ಹಾಳೆ ತೆಗೆದು, ಕೊತ್ತಂಬರಿಯ ಮೂರು ಹಾಳೆಗೂ ಮೂಲೆಯಿಂದ ಮೂಲೆಗೆ ಗೆರೆ ಎಳೆದರು. ಇನ್ನೊಂದು ರೈಲು ಹೋಯಿತು. ನಾನು ಕೋಟಿನ ಗುಂಡಿ ಹಾಕುವುದು, ತೆಗೆಯುವುದು ಮಾಡುತ್ತಿದ್ದೆ. ನನ್ನ ಬಗ್ಗೆ ಇದ್ದ ಸಾಲಿಗೂ ಗೆರೆ ಎಳೆಯುತ್ತಾರೆ ಅಂತ ನೋಡುತ್ತಿದ್ದೆ. ಎಳೆಯಲಿಲ್ಲ. ಮಾಸ್ಟರ್ ಅನ್ನುವ ಪದಕ್ಕೆ ಮಾತ್ರ ಎಳೆದರು.

ಸಭೆಯಲ್ಲಿ ನಲವತ್ತು ಜನ ಇದ್ದರೇನೋ. ನಾನು ಹಿಂದಿನ ಸಾಲಿನಲ್ಲಿ ಕೂತೆ. ಮೇಡಂ ದ್ವೀಪದ ಬಗ್ಗೆ, ಕುರುಬರ ಬಗ್ಗೆ, ಹಡಗಿನ ಬಗ್ಗೆ ಓದಿದರು. ಎಣ್ಣೆಯ ಜಾಗ ಬಂದಾಗ ಹಾಳೆ ಮಡಚಿಟ್ಟರು. "ನನ್ನ ಕಲೀಗ್ ತಮ್ಮ ಕಸುಬಿನ ರೀತಿಯಲ್ಲಿ ಇದಕ್ಕೆ ಇನ್ನೊಂದು ಎಣ್ಣೆ ಸೇರಿಸಿದ್ದಾರೆ. ನನಗೆ ಅದು ಇವತ್ತು ಬೆಳಿಗ್ಗೆ ತಿಳಿಯಿತು. ಆದ್ದರಿಂದ ಇದರ ವಾಸನೆಯ ಬಗ್ಗೆ ನನ್ನ ಹತ್ತಿರ ಹೇಳುವುದಕ್ಕೆ ಏನೂ ಇಲ್ಲ."

ಟೈ ಕಟ್ಟಿದ ಒಬ್ಬರು ಕೈ ಎತ್ತಿದರು. "ಅಂದರೆ, ಮೂವತ್ತು ವರ್ಷದ ಕೊನೆಗೆ ಏನೂ ಇಲ್ಲ ಅಂತಲಾ?" ಒಂದಿಬ್ಬರು ನಕ್ಕರು. ಮೇಡಂ, "ಇವತ್ತಿಗೆ ಇಲ್ಲ," ಅಂದು ಕೂತರು.

ಆದರೂ ಬಾಟಲಿ ಕೈಯಿಂದ ಕೈಗೆ ಹೋಯಿತು. ಆಮೇಲೆ ಕಾಫಿಯ ಹತ್ತಿರ ಮೂರು ಜನ ಬಂದು ನನ್ನನ್ನು ಕೇಳಿದರು: ಇದು ಅದ್ಭುತವಾಗಿದೆ, ಎಲ್ಲಿ ಸಿಗುತ್ತೆ? ಸಭೆಯಲ್ಲಿ ನಕ್ಕಿದ್ದ ಒಬ್ಬರು ಆ ಮೂವರಲ್ಲಿದ್ದರು. ನನಗೆ ಹೆಮ್ಮೆಯಾಯಿತು. ಆ ಹೊತ್ತಿನಲ್ಲಿ, ಆ ಕೋಣೆಯಲ್ಲಿ, ಮೇಡಂ ಒಬ್ಬರೇ ಕಿಟಕಿಯ ಹತ್ತಿರ ನಿಂತಿರುವಾಗ, ನನಗೆ ಹೆಮ್ಮೆಯಾಯಿತು. ಇದಕ್ಕೆ ಏನು ಅರ್ಥ ಅಂತ ಇವತ್ತಿಗೂ ಬಿಡಿಸಿಕೊಳ್ಳಲು ಆಗಿಲ್ಲ. ಕಾಫಿ ಕುಡಿಯದೆ ಲೋಟ ಇಟ್ಟೆ.

ಬರುವಾಗ ರೈಲಿನಲ್ಲಿ ಅವರು ಕಣ್ಣು ಮುಚ್ಚಿಕೊಂಡಿದ್ದರು. ನನ್ನನ್ನು ಮನೆಯ ಹತ್ತಿರ ಇಳಿಸಿ, "ಥ್ಯಾಂಕ್ ಯೂ," ಅಂದರು. ಅಷ್ಟೇ. ಭಾನುವಾರ ಫೋನು ಬರಲಿಲ್ಲ. ಮುಂದಿನ ಭಾನುವಾರವೂ ಬರಲಿಲ್ಲ.

"ಹೇಳಿ ತಪ್ಪು ಮಾಡಿದೆನಾ?" ಅಂತ ಹೆಂಡತಿಯನ್ನು ಕೇಳಿದೆ.

"ತಡವಾಗಿ ಹೇಳಿದ್ರಿ. ಅದು ಬೇರೆ ತಪ್ಪು," ಅಂದಳು. ಆಮೇಲೆ, "ಭಾನುವಾರ ಮನೇಲಿದ್ದು ನನ್ನ ತಲೆ ತಿನ್ನೋ ಬದಲು ಬಾತ್‌ರೂಮಿನ ನಲ್ಲಿ ರಿಪೇರಿ ಮಾಡಿ," ಅಂದಳು. ಮಾಡಿದೆ. ಎರಡು ಸಲ ಮಾಡಿದೆ.

ಜೂನ್ ತಿಂಗಳು. ಆ ಸೆಖೆಯಲ್ಲಿ ಉಣ್ಣೆ ಕೋಟು ಯಾರೂ ತರುವುದಿಲ್ಲ. ಮೇಡಂ ತಂದರು. ಕೌಂಟರ್ ಮೇಲಿಟ್ಟು ನಿಂತರು. ಹಿಂದೆ ಮೆಷೀನು ಸುತ್ತುತ್ತಿತ್ತು. ಅದರ ದ್ರಾವಣದ ವಾಸನೆ ಮೂಗಿನಲ್ಲಿ ತುಂಬಿತ್ತು. ನಾನು ಹಿಂದೆ ಹೋಗಿ ಮೂಗಿಗೆ ನೀರು ಹಾಕಿ ತೊಳೆದುಕೊಂಡು ಬಂದೆ. ಕೋಟೆತ್ತಿ ಎಡಜೇಬಿಗೆ ಮೂಗಿಟ್ಟೆ.

"ಇದೆಯಾ?" ಅಂದರು.

"ಇದೆ. ಮೇಕೆ ಇದೆ." ಮತ್ತೆ ಮೂಸಿದೆ. "ಬಲತೋಳಿನ ಹತ್ತಿರ ಗಂಧಾನೂ ಇದೆ ಮೇಡಂ. ಅದು ನನ್ನದು."

ಅವರು ನೋಟ್‌ಬುಕ್ ತೆಗೆದು ಎರಡನ್ನೂ ಬರೆದುಕೊಂಡರು. ಆಮೇಲೆ ಕೋಟನ್ನು ಮಡಚಿ ಕಂಕುಳಲ್ಲಿ ಇಟ್ಟುಕೊಂಡರು. "ಅಂಟು ಇನ್ನೂ ಅರ್ಧ ಉಳಿದಿದೆ. ಭಾನುವಾರ ಒಂಬತ್ತು ಗಂಟೆ. ಏನೂ ತರಬೇಡಿ."

ಹೋದೆ. ಕೈ ಬೀಸಿಕೊಂಡು ಹೋದೆ. ಹೊಸ ಗಡಿಗೆ, ಹೊಸ ಎಣ್ಣೆ, ಅದೇ ಕೊತ್ತಂಬರಿ. ಆ ಬೇಸಿಗೆಯಲ್ಲಿ ಚಪ್ಪಲಿ ಅಂಗಡಿ ತೆರೆಯಿತು, ಬೆಲ್ಲದ ಅಂಗಡಿ ತೆರೆದು ಮುಚ್ಚಿತು. ಸೆಪ್ಟೆಂಬರಿನ ಒಂದು ಭಾನುವಾರ ಮುಚ್ಚಳ ತೆಗೆದರೆ ಮೇಕೆ ಬಂದು ನಿಂತಿತ್ತು. ನನ್ನ ಕಪಾಳ ಮತ್ತೆ ಬಿಸಿಯಾಯಿತು. ಬಲಗೈ ತಾನಾಗಿ ಜೇಬಿನ ಕಡೆ ಹೋಯಿತು. ಜೇಬಿನಲ್ಲಿ ಏನೂ ಇರಲಿಲ್ಲ.

"ಏನು ಬರ್ತಿದೆ?"

"ಮೇಕೆ."

"ಒಳ್ಳೇದಾ, ಕೆಟ್ಟದ್ದಾ?"

ಇನ್ನೊಂದು ಸಲ ಮೂಸಿದೆ. ಮತ್ತೊಂದು ಸಲ ಮೂಸಿದೆ. ಮೊದಲು ಹೋತ, ಅದರ ಹಿಂದೆ ಬಿಸಿಲು, ಅದರ ಹಿಂದೆ ಇನ್ನೇನೋ. ನನಗೆ ಅದಕ್ಕೆ ಮೈಸೂರಿನ ಯಾವ ಅಂಗಡಿಯೂ ಸಿಗಲಿಲ್ಲ.

"ಗೊತ್ತಿಲ್ಲ ಮೇಡಂ," ಅಂದೆ.

ಅವರು ಅದನ್ನೂ ಹಾಗೇ ಬರೆದುಕೊಂಡರು.